ಬಸುರಿ ನಾಯಿಯ ಹಗ್ಗ

ಹೊಳಲ್ಕೆರೆಯ ಪಶು ಆಸ್ಪತ್ರೆಯಲ್ಲಿ ತಾಹೇರಾ ಮೇಕೆ ಹಿಡಿದು ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಕುರಿಗಾರ ಜುಂಜಪ್ಪ, ಹೆಂಡತಿ ಮುದ್ದಕ್ಕ, ಅವರ ಬಸುರಿ ನಾಯಿ.

“ಇಂಜೆಕ್ಷನ್ ಕೊಟ್ಟು ಬಸಿರು ಇಳಿಸ್ತಾರಂತೆ. ಆಗದಿದ್ರೆ ಆಪರೇಷನ್,” ಎಂದ ಜುಂಜಪ್ಪ ಹೆಂಡತಿಗೆ.

“ಮರಿ ಹಾಕಿದ್ರೆ ಏನಾತು?”

“ಲೇ, ಹೋದ್ ಸಲನೇ ಸಾಯಾಕೆ ಬಿದ್ದಿತ್ತು. ಪಾಪ, ಮೈಯಾಗೆ ರಕ್ತ ಎಲ್ಲೈತೆ?”

“ನಮ್ ರಂಜಿತಾಗೂ ಡಾಕ್ಟ್ರು ಇದ್ನೇ ಅಂದ್ರು. ಈ ನಾಲ್ಕನೇ ಬಸಿರು ಬ್ಯಾಡ, ಜೀವಕ್ಕೆ ಕುತ್ತು ಅಂತ. ಅವಳನ್ನೂ ದುರ್ಗದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಾಣ.”

“ಅವಳ ಅತ್ತೆ ಗಂಡು ಬೇಕು ಅಂತ ಕುಂತವ್ಳೆ. ನಾವ್ಯಾರು ಹೇಳಾಕೆ?”

“ಹೆತ್ತೋರು.”

“ನಾಯಿ ನಮ್ದು ಕಣೇ. ಮಗಳನ್ನ ಕೊಟ್ಟಾತು.”

ಒಳಗಿಂದ ಕರೆದರು. ಜುಂಜಪ್ಪ ಹಗ್ಗ ಬಿಚ್ಚಿ, ಹೊಟ್ಟೆ ಒತ್ತದಂತೆ ನಾಯಿಯನ್ನು ಎತ್ತಿಕೊಂಡು ಹೋದ.

ಮುದ್ದಕ್ಕ ಆ ಹಗ್ಗವನ್ನು ತಾಹೇರಾಳ ಕೈಗಿಟ್ಟಳು.

“ಅವ್ರು ಬಂದ್ರೆ ಕೊಡವ್ವ. ಬಾಗೂರಿಗೆ, ಮಗಳ ಹತ್ರ ಹೋದ್ಲು ಅನ್ನು.”