ಒಲಿ ಹಚ್ಚದ ಊರು

ಅಳಬ್ಯಾಡ ಅನ್ನಂಗಿಲ್ಲ ನಾ. ಅಳು. ಆದ್ರ ಯಲ್ಲವ್ವಾ, ಒಂದ ಮಾತು ಖರೇ ಹೇಳು... ಮಗಳ ಹೆಣಾ ಸೇತುವಿ ಮ್ಯಾಲ ಇಟ್ಟು ಕುಂದ್ರು ಅಂತ ನಿನಗ ಯಾರು ಕಲಿಸಿದ್ರು? ಪರಶು, ಹೌದಿಲ್ಲೋ?

ತಲಿ ಯಾಕ ಅಲ್ಲಾಡಸ್ತೀ? ಟಿವಿಯವರ ಮುಂದ ಅಂವ ಕೈ ಬೀಸಿ ಬೀಸಿ ಮಾತಾಡೂದು ನಾ ನೋಡಿಲ್ಲೇನು? ಅವನ ಹಿಂದ ಯಾರೋ ಅದಾರ. ಪಂಚಾಯ್ತಿ ಇಲೆಕ್ಷನ್ನಿಗೆ ನಿಂದರಾವ ಅಂವ, ನನ್ನ ಜಾಗಾದಾಗ. ನಿನಗದು ತಿಳಿಯಂಗಿಲ್ಲ.

ಅಲ್ಲಿ ಯಾಕ ಬಟ್ಟು ಮಾಡಿ ತೋರಸ್ತೀ? ಹೂಂ, ಸೇತುವಿಗೆ ತಡೆಗ್ವಾಡಿ ಇಲ್ಲ. ಟಂಟಂ ಗಾಡಿ ಕಾಲುವಿಗೆ ಬಿತ್ತು, ಹಿಪ್ಪರಗಿ ಸಾಲಿಗೆ ಹೊಂಟ ಹುಡುಗ್ಯಾರು ಹೋದ್ರು. ಸರಕಾರದ್ದ ತಪ್ಪು, ಇಲ್ಲ ಅಂದೆನೇನು? ನನಗೂ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು... ಯಾಕ ನಗಾಕತ್ತೀ? ಈ ಹೊತ್ತಿನಾಗ ನಗಬಾರದವಾ.

ಹಂಗಂತ ನಿನ್ನ ಮಗಳು ಪ್ರಜ್ಞಾನ್ನ ಬಿಸಲಾಗ ಇಡೂದೇನು? ನೀ ಎತ್ತಿದ್ರ ಉಳಿದವ್ರೂ ಎತ್ತತಾರ, ಎಲ್ಲಾರೂ ನಿನ್ನ ಮಾರಿ ನೋಡಾಕತ್ತಾರ. ಗ್ವಾಡಿ ಕಟ್ಟಸ್ತೇವಿ ಅಂತ ಬರದು ಕೊಡೂತನಕ ಎತ್ತಂಗಿಲ್ಲಂತ... ತಹಶೀಲ್ದಾರ ಸಾಹೇಬ್ರು ಬರದು ಕೊಡಂಗಿಲ್ಲ. ಸಂಜೀಮುಂದ ನೀವು ಹೆಣಾ ಹೊತ್ಕೊಂಡು ಹೈವೇಕ್ಕ ಹೋಗಾವ್ರು, ಅದೂ ಅವ್ರಿಗೆ ಗೊತ್ತೈತಿ. ನಮ್ಮೊಳಗ ಯಾರೋ ಸುದ್ದಿ ಮುಟ್ಟಸಾಕತ್ತಾರ. ನನಗ ಆ ಯುನೂಸನ ಮ್ಯಾಲ ಸಂಶೇ. ಮುಂಜಾನಿಂದ ಫೋನಿನ್ಯಾಗ ಅದಾನ. ಅವನ ಮಗಳೂ ಹೋಗ್ಯಾಳ, ಖರೇ... ಆದ್ರೂ ಮಂದೀನ ನಂಬಾಕ ಬರಂಗಿಲ್ಲ.

ನಂಗ ಹೆಂಗ ಗೊತ್ತಾತು ಅಂತೀಯೇನು? ನಾ ಮೆಂಬರ ಅಲ್ಲೇನು, ನಾಕ ಮಂದಿ ನಾಕ ಮಾತು ಹೇಳ್ತಾರ. ನಿನಗ ತಂಗೀ ಅಂತ ಕರದಾವ ನಾನು. ನನ್ನ ಮ್ಯಾಲ ಅನುಮಾನ ಬ್ಯಾಡ.

ಹೆಣಾ ಎತ್ತೂತನಕ ಒಲಿ ಹಚ್ಚಬಾರದಂತ ಊರಿಗೂರ ಉಪಾಸ ಐತಿ. ನಿನ್ನೆಯಿಂದ ಒಂದ ಮನ್ಯಾಗೂ ಹೊಗಿ ಇಲ್ಲ. ಸಣ್ಣ ಕೂಸುಗೋಳು ಹಸದು ಅಳಾಕತ್ತಾವ. ಅವನ್ನರೆ ನೋಡು. ನಾನೂ ಬರೇ ನೀರ ಮ್ಯಾಲ ಅದೇನಿ.

...ಯಾಕ ಹಂಗ ನೋಡಾಕತ್ತೀ? ಏನೈತಿ ನನ್ನ ಬಾಯಾಗ? ಕೆಂಪಾಗೇತೇನು... ಎಲಿ ಅಡಿಕಿ. ಬಾಯಿ ಒಣಗಿತ್ತಂತ ಸುಮ್ಮ... ಹೌದು, ಹೆಣಾ ಎತ್ತೂ ಮೊದಲ ಹಾಕಬಾರದಿತ್ತು. ಐಬಿ ಬಂಗಲೇದಾಗ ಊಟ ಆದಮ್ಯಾಲ ಸಾಹೇಬ್ರು ಎಲಿ ತಾಟು ಮುಂದ ಮಾಡಿದ್ರು, ರೂಢಿ ನೋಡು, ಕೈ ಹೋತು... ಊಟ ಅಂದ್ರ, ಅವ್ರು ಉಂಡ್ರು. ನಾ ಬಾಜೂಕ ಕುಂತಿದ್ದೆ, ಅಷ್ಟ.

ಏನರೆ ಅನ್ನು ಯಲ್ಲವ್ವಾ. ಬೈಯಿ. ಹಿಂಗ ನನ್ನ ಬಾಯೀನ ನೋಡಬ್ಯಾಡ, ನನಗ ಅಂಜಿಕಿ ಬರ್ತೈತಿ.

ಚರಿಗಿ ಯಾಕ ಚಾಚಾಕತ್ತೀ? ನೀರು ಬ್ಯಾಡ ನನಗ... ಬಾಯಿ ತೊಳಕೋ ಅಂತೀಯೇನು?

ಕೆಳಗಿಡು ತಂಗೀ. ಯುನೂಸ ನೋಡಾಕತ್ತಾನ.