ಎಂಟು ದಿನ ಹೇಳಿಸಿದ ಉತ್ತರ

ಹಲೋ... ಹಾಂ, ಯಾರು ಮಾತಾಡ್ತಿರೋದು? ಇದು ನಮ್ಮ ಲ್ಯಾಬಿನ ನಂಬರ್ ಅಲ್ವಾ?

...

ಓ, ನೀನಾ. ಮೇಲ್ವಿಚಾರಕರ ಕೋಣೆಯಿಂದ ಮಾಡ್ತಿದ್ದೀಯಲ್ಲ, ಅದಕ್ಕೇ ಗೊತ್ತಾಗಲಿಲ್ಲ. ಕುರ್ಚಿ ಹೇಗಿದೆ? ಇಬ್ಬರೂ ಅರ್ಜಿ ಹಾಕಿದ್ದು ಅದಕ್ಕೇ ಅಲ್ವಾ? ಸಿಕ್ಕಿದ್ದು ನಿನಗೆ.

...

ಗೊತ್ತು, ಆರು ಗಂಟೆ. ದಿನಾ ಬೆಳಿಗ್ಗೆ ಕಾಲು ಗಂಟೆ ಫೋನಲ್ಲಿ ನೀನು ಸಂದರ್ಶನಕ್ಕೆ ಅಂತ ಮಾಡಿಸ್ತಿದ್ದ ಇಂಗ್ಲಿಷ್ ಅಭ್ಯಾಸ. ನಾಲ್ಕು ತಿಂಗಳು ಒಂದು ದಿನಾನೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಬಾತ್‌ರೂಮಿನ ಬಾಗಿಲು ಹಾಕ್ಕೊಂಡು ಮಾತಾಡಿದೆ. ನಮ್ಮತ್ತೆ, 'ಒಳಗೆ ಯಾರಿಗೆ ಬೈತಿದ್ದಾಳೆ?' ಅಂತ ಇವರನ್ನ ಕೇಳೋರು.

...

ಕೋಪ ಅಲ್ಲ. ನಿನ್ನೆಯಿಂದ ಒಂದೇ ಯೋಚನೆ. ನನ್ನ ಮನೆ, ಬಸ್ಸು, ಮಗಳ ಶಾಲೆ... ಯಾವ ವಿಷಯಾನೂ ನೀನು ಎರಡು ದಿನಕ್ಕಿಂತ ಹೆಚ್ಚು ಹೇಳಿಸಲಿಲ್ಲ. 'ಕೆಲಸದಲ್ಲಿ ನಾನು ಮಾಡಿದ ತಪ್ಪು' ಮಾತ್ರ ಎಂಟು ದಿನ. ಯಾಕೆ?

...

ಹಾಂ, ನಿಜಾನೇ ಹೇಳು ಅಂದೆ. ಕಟ್ಟುಕಥೆ ಆದ್ರೆ ನಾಲಿಗೆ ತಡವರಿಸುತ್ತೆ ಅಂದೆ. ನಾನೂ ಹೇಳಿದೆ. ಇಬ್ಬರ ರಕ್ತದ ಟ್ಯೂಬಿಗೆ ಲೇಬಲ್ ಅದಲುಬದಲು ಅಂಟಿಸಿದ್ದು. ಅವರಿನ್ನೂ ಹೊರಗೆ ಬೆಂಚಿನ ಮೇಲೇ ಇದ್ರು, ಕರೆದು ಮತ್ತೆ ರಕ್ತ ತಗೊಂಡಿದ್ದು. ಯಾರಿಗೂ ಏನೂ ಆಗಲಿಲ್ಲ. ಕನ್ನಡದಲ್ಲಿ ನನ್ನ ಗಂಡನಿಗೂ ಹೇಳಿರಲಿಲ್ಲ ಕಣೇ. ಇಂಗ್ಲಿಷ್‌ನಲ್ಲಿ ಬೇರೆ ಯಾರದೋ ಕಥೆ ಥರ ಬಂದುಬಿಡ್ತು.

...

ಸಂದರ್ಶನದಲ್ಲಿ ಡಾಕ್ಟರ್ ಅದನ್ನೇ ಕೇಳಿದ್ರು. ಬಾಯಿ ತಾನಾಗೇ ಓಡ್ತು. ನಿಲ್ಲಿಸೋಣ ಅಂದ್ರೂ ನಿಲ್ಲಲಿಲ್ಲ, ಎಲ್ಲಾ ನೀನು ತಿದ್ದಿಕೊಟ್ಟ ವಾಕ್ಯಗಳೇ. ಕೇಳ್ತಾ ಕೇಳ್ತಾ ಅವರು ಪೆನ್ನು ಕೆಳಗಿಟ್ರು. 'ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ' ಅಂದ್ರು.

...

ಅದೇ ಪ್ರಶ್ನೆಗೆ ನೀನೇನು ಹೇಳಿದೆ? ಹಾಂ?... ಮನೆ ಮರೆತು ಕೆಲಸ ಮಾಡೋದೇ ನಿನ್ನ ತಪ್ಪಾ? ಭೇಷ್! ಇದನ್ನ ನನ್ನ ಹತ್ತಿರ ಒಂದು ದಿನಾನೂ ಅಭ್ಯಾಸ ಮಾಡಲಿಲ್ಲವಲ್ಲ ನೀನು?

...

ನಿನಗೆ ಆ ಪ್ರಶ್ನೆ ಮೊದಲೇ ಗೊತ್ತಿತ್ತು ಅಂತ ನಾನೆಲ್ಲಿ ಅಂದೆ? ಗೊತ್ತಿರಲಿಲ್ಲ ಅಂತ ನೀನೇ ಯಾಕೆ ಆಣೆ ಇಡ್ತಿದ್ದೀಯ?

...

ಸರಿ. ಅಭ್ಯಾಸಕ್ಕಲ್ಲ ಅಂದ್ಮೇಲೆ ಫೋನ್ ಯಾಕೆ ಮಾಡಿದ್ದು?... ಆದೇಶಾನಾ? ಎಂಥ ಆದೇಶ? ಓದು, ಕೇಳ್ತೀನಿ.

...

ಸೋಮವಾರದಿಂದ ನಾನು ಟ್ಯೂಬ್ ಮುಟ್ಟೋ ಹಾಗಿಲ್ವಾ? ಗಾಜಿನ ಸಾಮಾನು ತೊಳೆಯೋ ಕೋಣೆಗಾ? ಹನ್ನೊಂದು ವರ್ಷದಿಂದ ರಕ್ತ ತಗೊಳ್ಳೋ ಮೇಜಿನ ಮುಂದೆ ಕೂತಿದ್ದೀನಿ ಕಣೇ!

...

ಡಾಕ್ಟರ್ ಹೇಳಿದ್ದಾ? ಆಗ್ಲಿ. ಕೆಳಗೆ ಸಹಿ ಇರುತ್ತಲ್ಲ, ಅದು ಯಾರದು?

...

ಅಕ್ಷರ ಕಾಣ್ತಿಲ್ವಾ? ಈಗಷ್ಟೇ ಗಡಗಡ ಅಂತ ಓದಿದೆಯಲ್ಲ... ಓದೇ, ಹೆಸರು ಓದು... ಹಲೋ?... ಇದ್ದೀಯಾ?... ಹಲೋ...