ಗುರುಸಿದ್ದನ ನಿಚ್ಚಣಿಕಿ

ನಗೋದಿದ್ರ ಈಗ ನಕ್ಕ ಬಿಡ್ರಿ. ನಡುವ ನಕ್ರ ನಾ ಹೇಳೂದ ಬಿಟ್ಟ ಎದ್ದ ಹೋಗಾವ. ಮಂದಿಗಿ ಹೇಳಿ ಹೇಳಿ ಸಾಕಾಗೈತಿ ನನಗ. ಕೇಳೂತನಕ ಬಾಯಿ ತಕ್ಕೊಂಡ ಕೇಳ್ತಾರ, ಎದ್ದ ಹೋಗು ಮುಂದ "ಅಮೋಘಸಿದ್ದಪ್ಪ ಇವತ್ತ ಮತ್ತೊಂದ ಬಿಟ್ಟ ನೋಡ್ರಿ" ಅಂತಾರ. ಇದು ನಾ ಬಿಟ್ಟಿದ್ದಲ್ಲ. ನಮ್ಮ ಕಾಕಾನ ಮಗ ಗುರುಸಿದ್ದಗ ಆಗಿದ್ದು. ನಮ್ಮ ದರಿಬಡಚಿ ಊರಿನ ಮಡ್ಡಿ ಮ್ಯಾಲ, ಹೋದ ವರ್ಷ ಮಾನಾಮಿ ಅಮಾಸಿ ರಾತ್ರಿ.

ಅವತ್ತ ಬಿಳೂರಾಗ ಒಂದ ಟಗರು ನೋಡಾಕ ಹೋಗಿದ್ನಿ. ಟಗರೂ ಸರಿ ಬರಲಿಲ್ಲ, ಮಂದಿ ತುಂಬಿಕೊಂಡ ಬರೂ ಕಡೀ ವಡಾಪ ಜೀಪೂ ತಪ್ಪಿತು. ಮತ್ತೊಬ್ಬ ಆಗಿದ್ರ ಅಲ್ಲೇ ಯಾರದರೆ ಕಟ್ಟಿ ಮ್ಯಾಲ ಒರಗತಿದ್ದ. ನಾ ನಡಕೋತ ಬಂದ್ನಿ, ಎಪ್ಪತ್ತೆಂಟ ವರ್ಷಕ್ಕ! ಕತ್ತಲಂದ್ರ ಎಂಥಾ ಕತ್ತಲಾ... ನನ್ನ ಕೈ ನನಗ ಕಾಣವಲ್ದು. ಊರ ಹೊರಗ ಹಾಳ ಬಾವಿ ಐತಿ, ಅದರ ಮ್ಯಾಲ ಬಾಗಿದ ಆಲದ ಗಿಡ ಐತಿ. ಅಲ್ಲಿತನಕ ಬಂದ್ನಿ. ಅಷ್ಟರಾಗ...

ಕುಂಯ್ಯ್ಯ್...

ತೆಳ್ಳನ ದನಿ. ಒದ್ದಿ ಬೆರಳಿಲೆ ಹಿತ್ತಾಳಿ ತಂಬಗಿ ಅಂಚ ತಿಕ್ಕಿದಂಗ.

ನಾ ನಿಂತ್ನಿ. ಅಂಜಿ ನಿಂತಿದ್ದಲ್ಲ. ಓಡೂ ತೋಳದ ಕಣ್ಣಿಗಿ ಕವಣಿ ಕಲ್ಲ ಹೊಡದಾವ ನಾ, ನನಗ್ಯಾತರ ಅಂಜಿಕಿ? ಕಾಲಾಗ ಮುಳ್ಳ ನಟ್ಟಿತ್ತು. ಅಷ್ಟ.

ಆಮ್ಯಾಲ ನೆನಪಾತು. ಇದು ಗುರುಸಿದ್ದನ ಇಮಾನಾ.

ಈ ಗುರುಸಿದ್ದ ಮೂವತ್ತ ವರ್ಷ ಹೈದರಾಬಾದಿನ ಬೇಗಂಪೇಟೆ ಏರ್‌ಪೋರ್ಟಿನಾಗ ಏಣಿ ತಳ್ಳಿದಾವ. ಇಮಾನಾ ಬಂದ ನಿಂತ ಕೂಡ್ಲೆ ಗಾಲಿ ಏಣಿ ಒಯ್ದ ಅದರ ಬಾಗಲಕ್ಕ ಹಚ್ಚೂದು. ಮಂದಿ ಇಳದ್ರು, ಮಂದಿ ಹತ್ತಿದ್ರು, ಬಾಗಲಾ ಮುಚ್ಚಿತು. ಮುಚ್ಚಿದ ಕೂಡ್ಲೆ ಹಿಂದಕ್ಕ ಎಳಿಯೂದು. "ಬಾಗಲದ ಸಪ್ಪಳಾ ಆತಂದ್ರ ಕೈ ತಾವ ಎಳಿತಾವ ಅಣ್ಣಾ, ನನ್ನ ಕೇಳಂಗಿಲ್ಲ" ಅಂತಿದ್ದ. ಕಣ್ಣ ಮುಚ್ಚಿ ಸಪ್ಪಳದ ಮ್ಯಾಲ ಇಮಾನಾ ಗುರತ ಹಿಡಿತಿದ್ದ, ನಾ ಗಂಟಿ ಸಪ್ಪಳದ ಮ್ಯಾಲ ಕುರಿ ಗುರತ ಹಿಡದಂಗ. ಡಕೋಟಾ ಮುದುಕನಂಗ ಕೆಮ್ಮತೈತಿ. ಫೋಕರ್ ಸಿಳ್ಳ ಹಾಕತೈತಿ. ಆವ್ರೋ ಮಾತ್ರ ಕುಂಯ್ಯ್ಯ್ ಅಂತ ಅಳತೈತಿ.

ಅಷ್ಟೆಲ್ಲಾ ಮಂದೀನ ಹತ್ತಿಸಿದಾವ ತಾ ಒಮ್ಮಿನೂ ಹತ್ತಿ ಕುಂತಿಲ್ಲ. ಅವನ ಹೆಂಡ್ತಿ ಇಂದುಬಾಯಿ ಒಂದ ಸಲಾ ಹೈದರಾಬಾದಿಗಿ ಹೋಗಿ ತಂತಿ ಬೇಲಿ ಹಿಡಕೊಂಡ ದಿನಾಪೂರ್ತಿ ನೋಡಿ ಬಂದಿದ್ಳು.

"ಊರ ಮಂದೀನೆಲ್ಲಾ ಹತ್ತಸ್ತೀರಿ, ನನ್ನ ಒಮ್ಮಿ ಹತ್ತಸ್ರಲ್ಲ" ಅಂದ್ಳಂತ.

"ರಿಟೈರ್ ಆಗು ಮುಂದ ಹತ್ತಸ್ತೀನಿ, ಸುಮ್ಮ ಕುಂದ್ರ" ಅಂದಿದ್ದ ಇವ.

ಇವ ರಿಟೈರ್ ಆಗೂದರಾಗ ಮಂದಿ ಹೋಗಿ ಬರೂ ಇಮಾನಾ ಎಲ್ಲಾ ಊರ ಹೊರಗ ಹೊಸಾ ಏರ್‌ಪೋರ್ಟಿಗಿ ಹ್ವಾದವು. ಇವ ಊರಿಗಿ ಬಂದ. ಇಂದುಬಾಯಿ ಎರಡ ವರ್ಷದ ಹಿಂದ ಶ್ರಾವಣದಾಗ ಜ್ವರಾ ಬಂದ ಮಲಗಿದ್ಳು. ಕಡೀ ರಾತ್ರಿ ಕಣ್ಣ ಮುಚ್ಚಿಕೊಂಡೇ "ಏಣಿ ಬಂತನ್ರೀ?" ಅಂದ್ಳು. ಮುಂದ ಮಾತಾಡಲಿಲ್ಲ.

ಗುರುಸಿದ್ದನ ಸೊಸಿ ಸೋನಾಲಿ ರಸ್ತಾದ ಬಾಜೂಕ ಸೇವಾ ಕೇಂದ್ರ ನಡಸ್ತಾಳ. ಹೊಲದ ಸಾತಬಾರಾ ಉತಾರಾ, ಜಾತಿ ದಾಖಲಾ, ಎಲ್ಲಾ ಅಲ್ಲೇ ತಗೀತಾಳ. ಮಾವ ಗ್ವಾಡಿ ನೋಡಕೋತ ಕುಂದ್ರೂದ ನೋಡಲಾರದ ಕಂಪ್ಯೂಟರಿನಾಗ ಕುಂತಲ್ಲೇ ಇಮಾನಾ ಹಾರಸೂದೊಂದ ಹಾಕಿ ಕೊಟ್ಳು. ಆಟ ಅನಬ್ಯಾಡ್ರಿ, ಗುರುಸಿದ್ದ ಸಿಟ್ಟಾಗ್ತಾನ. ಜಗತ್ತಿನಾಗ ಹುಚ್ಚ ಮಂದಿ ಭಾಳ ಅದಾರ. ಈಗಿಲ್ಲದ ಇಮಾನಾ, ಮುಚ್ಚಿದ ಏರ್‌ಪೋರ್ಟ, ಎಲ್ಲಾ ಹಳೇ ಫೋಟೋ ನೋಡಿ ನೋಡಿ ಮನ್ಯಾಗ ಕುಂತ ಕಟ್ತಾರ. ಯಾವನೋ ಪುಣ್ಯಾತ್ಮ ಹಳೇ ಬೇಗಂಪೇಟೆನೂ ಕಟ್ಟಿದ್ದ. ಮೊದಲನೇ ದಿನಾ ನೋಡಿ ಗುರುಸಿದ್ದ ಕಣ್ಣೀರ ಹಾಕಿದ.

"ಅಣ್ಣಾ, ಹುಸೇನ್ ಸಾಗರ ನೋಡಿಲ್ಲಿ. ಕೆರ್ಯಾಗ ಬುದ್ಧನ ಮೂರ್ತಿ ಇನ್ನಾ ಬಂದಿಲ್ಲ. ಅಲ್ಲಿ, ಆ ಮೂಲ್ಯಾಗ... ಅದು ನನ್ನ ಏಣಿ!"

ಅವತ್ತಿನಿಂದ ಒಂದ ಹಟಾ ಹಿಡದ. ಆವ್ರೋ ಇಮಾನಾನ ತಾನ ಹಾರಿಸಿ ಬೇಗಂಪೇಟೆದಾಗ ಇಳಸಬೇಕು, ಏಣಿ ಹಚ್ಚಬೇಕು.

ಇಳೀಬೇಕಲ್ಲ ಅದು! ದಿನಾ ಅಂಗಡಿ ಮುಚ್ಚಿದ ಮ್ಯಾಲ ಕುಂದ್ರತಿದ್ದ. ದಿನಾ ಆ ಕೆರಿ ಮ್ಯಾಲಿಂದ ಬರತಿತ್ತು, ದಿನಾ ಕೆರ್ಯಾಗ ಬೀಳತಿತ್ತು. ನಾ ಸಾಲಿ ಕಟ್ಟಿ ಹತ್ತಿದಾವಲ್ಲ, ಖರೆ. ಆದ್ರ ಎಣಿಕಿ ಕೇಳ್ರಿ ನನಗ. ಕತ್ತಲದಾಗ ದಡ್ಡಿ ಬಾಗಲದಾಗ ನಿಂತ ಬರೇ ಕಾಲ ಸಪ್ಪಳದ ಮ್ಯಾಲ ಮುನ್ನೂರ ಕುರಿ ಎಣಸ್ತೀನಿ, ಒಂದ ಮರಿ ತಪ್ಪಂಗಿಲ್ಲ. ಅಮಾಸಿತನಕ ನಲವತ್ತೊಂದ ಸಲಾ ಬಿದ್ದಿತ್ತು ಕೆರ್ಯಾಗ. ಬೀಳದಿದ್ದ ದಿನಾ ಕರೆಂಟ ಹೋಗತಿತ್ತು. ಕರೆಂಟ ಇದ್ದ ದಿನಾ ಮಷಿನ್ ನಡುವ ನಿಂತ ಗರಗರಾ ತಿರಗಿ "ಹೊಸಾದ ಹಾಕ್ರಿ" ಅಂತಿತ್ತು. ಹಳೇದ ಬೇಕಂತ ಕುಂತಾವಗ ಹೊಸಾದ ಹಾಕಂತೈತಿ! ಗುರುಸಿದ್ದ ಹಲ್ಲ ಕಡದು ಟೇಬಲ್ಲ ಗುದ್ದಿ ಗುದ್ದಿ ಕೈ ಬಾವ ಬರಿಸಿಕೊಂಡಿದ್ದ.

ಹಂ, ಬಾವಿ ಹಂತ್ಯಾಕ ನಿಂತಿದ್ನೆಲ್ಲ. ಅಂಗಡ್ಯಾಗ ದೀಪ ಕಂಡಿತು. ಹೋದ್ನಿ. ಬಾಗಲದಾಗ ಸೋನಾಲಿ ನಿಂತಿದ್ಳು, ಮಾರಿ ಗಂಟ ಹಾಕ್ಕೊಂಡ.

"ದೊಡ್ಡ ಮಾವಾರ, ನೀವರೆ ಹೇಳ್ರಿ ಇವರಿಗಿ. ಮುಂಜಾನಿಂದ ಒಂದ ತುತ್ತ ಉಂಡಿಲ್ಲ."

"ಯಾಕವಾ, ಏನಾತು?"

ಆಕಿ ದನಿ ಸಣ್ಣದ ಮಾಡಿದ್ಳು. "ಕಾಗಿ ಮುಟ್ಟಲಿಲ್ರೀ..."

ಮಾನಾಮಿ ಅಮಾಸಿಗಿ ಹಿರೇರ ಹೆಸರಲೆ ಎಡಿ ಇಡತೀವಲ್ಲ, ಹಂಗ ಇಂದುಬಾಯಿ ಹೆಸರಲೆ ಹೋಳಿಗಿ, ಕಡಬು, ಅನ್ನಾ ಇಟ್ಟಿದ್ರು. ಗುರುಸಿದ್ದ ಅಂಗಡಿ ಬಾಜೂಕಿನ ಕಬ್ಬಿಣದ ನಿಚ್ಚಣಿಕಿ ಹತ್ತಿ ಮಾಳಿಗಿ ಮ್ಯಾಲ ಇಟ್ಟ ಬಂದಿದ್ದ. ಕಾಗಿ ಬಂದ್ವು, ಕುಂತ್ವು, ನೋಡಿದ್ವು. ಮುಟ್ಟಲಿಲ್ಲ. ಹೊತ್ತ ನೆತ್ತಿಗಿ ಬಂತು, ಮುಟ್ಟಲಿಲ್ಲ. ಸತ್ತವರದ ಏನರೆ ಆಸೆ ಉಳದಿದ್ರ ಕಾಗಿ ಮುಟ್ಟಂಗಿಲ್ಲ, ನಿಮಗ ಗೊತ್ತೈತಿ. ಕಡೀಕ ಗುರುಸಿದ್ದ ನಿಚ್ಚಣಿಕಿ ಮ್ಯಾಲ ನಿಂತ ಕೈ ಮುಗದ "ಇವತ್ತ ರಾತ್ರಿ ಹತ್ತಸ್ತೀನಿ, ಇಂದೂ" ಅಂದನಂತ.

ಅಂದ ಕೂಡ್ಲೆ ಒಂದ ಕಾಗಿ ಹೋಳಿಗಿ ಎತಗೊಂಡ ಹೋತು.

"ಈಗ ಹತ್ತಸಲಿಲ್ಲಂದ್ರ ಏನಾಕ್ಕೈತೋ ಅಂತ ಇವರ..." ಅಂದ್ಳು ಸೋನಾಲಿ. ಸೆರಗಿಲೆ ಕಣ್ಣ ಒರಸಿಕೊಂಡ ಹಿಂದಿನ ಮನಿಗಿ ಹೋದ್ಳು.

ನಾ ಒಳಗ ಹೋಗಿ ಸ್ಟೂಲ್ ಮ್ಯಾಲ ಕುಂತ್ನಿ. ಗುರುಸಿದ್ದ ತಿರಗಿ ನೋಡಲಿಲ್ಲ. ಇಮಾನಾ ಹಾರಸೂ ದಂಡ ಹಿಂದಕ್ಕ ಜಗ್ಗಿದ.

ಕುಂಯ್ಯ್ಯ್... ಕೆರಿ ಬಂತು. ಛಳ್! ಕೆರ್ಯಾಗ. ನಲವತ್ತೆರಡು.

"ಥೂ ಇದರವ್ವನ!"

ಮತ್ತ ಎಬ್ಬಿಸಿದ. ಕೆರಿ ಬಂತು. ಛಳ್! ನಲವತ್ತಮೂರು.

"ಬಿಡೋ ಗುರುಸಿದ್ದಾ. ಕೊಡ ನನ್ನ ಕೈಯಾಗ. ಹುಚ್ಚ ಕುದರಿ ಪಳಗಿಸಿದಾವ ನಾ, ಇದೇನ ದೊಡ್ಡದು?"

"ಅಣ್ಣಾ, ಕೈ ಮುಗಿತೀನಿ. ಬಾಯಿ ಮುಚ್ಚ."

ಮುಚ್ಚಿದ್ನಿ. ಮತ್ತ ಎಬ್ಬಿಸಿದ. ಕೆರಿ ಬಂತು... ಕೆರಿ ಹಿಂದ ಹೋತು... ಕಪ್ಪ ರಸ್ತಾ ಬಂತು... ಕಿರ್‌ರ್... ಗಾಲಿ ನೆಲಾ ಮುಟ್ಟಿದ್ವು! ಇಳೀತ್ರೀ! ಮೆಲ್ಲಕ ಹೊಳ್ಳಿ ಕಟ್ಟಡದ ಮುಂದ ಹೋಗಿ ನಿಂತಿತು. ನಾ ಎದ್ದ ಅವನ ಬೆನ್ನ ಚಪ್ಪರಿಸಿದ್ನಿ.

ಅವ ನಗಲಿಲ್ಲ. ಮೂಲ್ಯಾಗಿನ ಏಣಿ ನೋಡಕೋತ ಕುಂತ.

ಏಣಿ ಬರಲಿಲ್ಲ. ಒಂದ ಗುಂಡಿ ಒತ್ತಿದ. ಬರಲಿಲ್ಲ. ಎಲ್ಲಾ ಗುಂಡಿ ಒತ್ತಿದ. ಕಟ್ಟಿದ ಪುಣ್ಯಾತ್ಮ ಏಣೀನ ಬರೇ ತೋರಸಾಕ ಇಟ್ಟಿದ್ದ, ಗ್ವಾಡಿಗಿ ಬರದ ಚಿತ್ರದಂಗ.

"ಮೂವತ್ತ ವರ್ಷ... ಒಂದ ನಿಮಿಷ ತಡಾ ಮಾಡಿಲ್ಲ ಅಣ್ಣಾ ನಾ. ಒಂದ ನಿಮಿಷ! ಈಗ ನೋಡ, ನನ್ನ ಏಣಿನ ಬರವಲ್ದು. ಆಕೀಗಿ ಏನ ಹೇಳಲಿ?"

ಫಟ್. ಕರೆಂಟ ಹೋತು.

ಅಂಗಡ್ಯಾಗಿನ ಇನ್ವರ್ಟರ್ ಎಂದೋ ಸತ್ತಿತ್ತು. ದೀಪ ಇಲ್ಲ, ಫ್ಯಾನ್ ಇಲ್ಲ, ಕಂಪ್ಯೂಟರ್ ಕರ್‌ರಗ ಕಲ್ಲಿನಂಗ ಕುಂತಿತು. ಆದ್ರ...

ಕುಂಯ್ಯ್ಯ್...

ನಿಲ್ಲಲಿಲ್ಲ ಆ ಸಪ್ಪಳಾ.

ನಾ ಗುರುಸಿದ್ದನ ರಟ್ಟಿ ಹಿಡದ್ನಿ. ಸಪ್ಪಳಾ ಮಷಿನ್‌ದಾಗಿಂದ ಬರಾಕತ್ತಿದ್ದಿಲ್ಲ. ಹೊರಗಿನಿಂದ. ಬಾವಿ ಆ ಕಡಿ, ಮಡ್ಡಿ ಮ್ಯಾಲಿಂದ. ಮೆಲ್ಲಕ ಮೆಲ್ಲಕ ಇಳಕೋತ... ಉಂಯ್ಯ್... ಉಂ... ಆಮ್ಯಾಲ ಚಕ್, ಚಕ್, ಚಕ್, ರೆಕ್ಕಿ ತಿರಗೂದ ನಿಂತಂಗ. ನಾಯಿ ಒಂದೂ ಬೊಗಳಲಿಲ್ಲ.

"ಅಣ್ಣಾ, ಆವ್ರೋ" ಅಂದ. ಪಿಸುದನಿ.

"ಸುಮ್ಮಿರ."

ಆವಾಗ ಕರದ್ಳು. ಬಾಗಲದಾಚಿಂದ. ನಾ ನನ್ನ ಕಿವೀಲೆ ಕೇಳೀನಿ.

"ಏಣಿ ಬಂತನ್ರೀ?"

ರಾತ್ರಿ ಕರದ್ರ ಮೂರನೇ ಸಲಕ್ಕ ಓ ಅನಬೇಕು. ಸತ್ತಾವರು ಒಮ್ಮಿನ ಕರೀತಾರ, ಆ ಒಂದಕ್ಕ ಓ ಅಂದಾವ ಅವರ ಬೆನ್ನ ಹತ್ತಿ ಹೋಗ್ತಾನ. ಕೂಸಿದ್ದಾಗಿಂದ ಕಲ್ತಿದ್ದು ನಾವು. ನಾ ಗುರುಸಿದ್ದನ ಬಾಯಿ ಒತ್ತಿ ಹಿಡೀಬೇಕಂತ ಕೈ ಚಾಚಿದ್ನಿ. ಕತ್ತಲದಾಗ ಅವನ ಕಿವಿ ಸಿಕ್ಕಿತು.

"ಓ! ತಂದ್ನಿ!" ಅಂದ ಬಿಟ್ಟ.

ಕಿವಿ ಕೊಸರಿಕೊಂಡ ಹೊರಗ ಓಡಿದ. ಗ್ವಾಡಿಗಿ ಆನಿಸಿದ್ದ ನಿಚ್ಚಣಿಕಿ ಖಣ್ ಅಂತು. ಆಮ್ಯಾಲ ಖರ್‌ರ್... ಖರ್‌ರ್... ಕಲ್ಲಿನ ಮ್ಯಾಲ ಎಳಕೋತ ಮಡ್ಡಿ ಕಡಿ ಹೋತು. ನಾ ಬೆನ್ನ ಹತ್ತಿದ್ನಿ, ಬಾವಿತನಕ. ಮುಂದ ಹೋಗಲಿಲ್ಲ. ಯಾರರೆ ಒಬ್ಬರು ಸಾಕ್ಷಿಗಿ ಉಳೀಬೇಕಲ್ಲ? ಆಲದ ಬಿಳಲ ಹಿಡಕೊಂಡ ನಿಂತ್ನಿ.

ಕಣ್ಣಿಗಿ ಏನೂ ಕಾಣಲಿಲ್ಲ, ಸುಳ್ಳ ಹೇಳಂಗಿಲ್ಲ. ಕಿವಿಗಿ ಕೇಳಿದ್ದಷ್ಟ ಹೇಳ್ತೀನಿ.

ಟಕ್. ಟಕ್. ಎರಡ ಕಲ್ಲ ಅಡಾ ಇಟ್ಟ ಸಪ್ಪಳಾ. ಏಣಿ ಸರೀಬಾರದಂತ.

ಆಮ್ಯಾಲ ಕಬ್ಬಿಣದ ಮ್ಯಾಲ ಬೆಳ್ಳಿ ಕಾಲುಂಗುರ.

ಟಿಣ್... ಟಿಣ್... ಟಿಣ್...

ಅವಸರಿಲ್ಲ. ಒಂದೊಂದ ಪಾವಟಿಗಿಗಿ ಒಂದೊಂದ. ನಾ ಉಸರ ಹಿಡದ ಎಣಿಸಿದ್ನಿ, ಅದು ನನ್ನ ಚಟಾ. ಆಮ್ಯಾಲ ಧಪ್. ಬಾಗಲಾ. ಅದರ ಬೆನ್ನಿಗೇ ಖರ್‌ರ್... ಕುಂಯ್ಯ್ಯ್ ಅಂತ ಮತ್ತ ಏರಿತು ದನಿ, ಬಾಯಾಗ ಕಣ್ಣಾಗ ಮಣ್ಣ ತುಂಬಿತು, ಆಲದ ಎಲಿ ಎಲ್ಲಾ ಒಂದ ಕಡಿ ಹೊಳ್ಳಿದ್ವು. ಮ್ಯಾಲಿಂದ ಹೋತು. ಜತ್ತ ಕಡಿ... ಅಲ್ಲ, ಕುಣಿಕೋಣೂರ ಕಡಿ... ತೆಳ್ಳಗಾತು. ಇಲ್ಲ.

ಓಡಿ ಹೋದ್ನಿ. ಇನ್ನ ಗುರುಸಿದ್ದ ಇಲ್ಲ, ಆಕೀ ಕೂಡ ಹ್ವಾದ, ಅಂತ ತಿಳದಿದ್ನಿ. ಕಾಲಿಗಿ ಏನೋ ತೊಡರಿತು. ಅವನ! ನೆಲದಾಗ ಕುಂತಾನ, ತೊಡಿ ಮ್ಯಾಲ ನಿಚ್ಚಣಿಕಿ, ಎರಡೂ ಕೈಲೆ ಬಿಗಿ ಹಿಡದಾನ.

"ಗುರುಸಿದ್ದಾ! ಅದಿಯೇನೋ?"

"ಹತ್ತಬೇಕಾಗಿತ್ತಣ್ಣಾ..." ಹಣಿ ನಿಚ್ಚಣಿಕಿಗಿ ಬಡಕೊಂಡ. "ಬಾಜೂಕ ಜಾಗಾ ಇಟ್ಟಿದ್ಳು. ನನ್ನ ಕಾಲ ಒಂದನೇ ಪಾವಟಿಗಿ ಮ್ಯಾಲಿತ್ತು! ಬಾಗಲದ ಸಪ್ಪಳಾ ಆತು... ಕೈ ತಾವ ಎಳದ್ವು. ನಾಯಿ ಕೈ ಇವು! ತಾವ ಎಳದ್ವು!"

"ಏನರೆ ಅಂದ್ಳೇನೋ ಆಕಿ?"

"ತಿರಗಿ ನೋಡಲಿಲ್ಲ. ಹತ್ತು ಮುಂದ ಏಣಿ ತಳ್ಳಾವನ ಯಾರ ನೋಡ್ತಾರ?"

ಆ ಕೈಗೋಳ ಅವನ ಜೀವಾ ಉಳಿಸಿದ್ವು ಅಂತ ನಾ ಹೇಳ್ತೀನಿ. ಅವ ಒಪ್ಪಂಗಿಲ್ಲ. ಇವತ್ತಿಗೂ ಊಟಕ್ಕ ಕುಂತಾಗ ಕೈ ನೋಡಕೋತ ಬೈತಾನ. ಕಂಪ್ಯೂಟರ್ ಮತ್ತ ಮುಟ್ಟಿಲ್ಲ. ಈ ವರ್ಷದ ಅಮಾಸಿಗಿ ಎಡಿ ಇಟ್ಟ ನಿಚ್ಚಣಿಕಿ ಇಳಿಯೂದರಾಗ ಕಾಗಿ ಬಂದ ಉಂಡ ಹ್ವಾದವು.

ನೀವು ನಂಬಂಗಿಲ್ಲ, ಗೊತ್ತೈತಿ. ಗಾಳಿ ಅಂತೀರಿ, ಮುದುಕಗ ನಿದ್ದಿಗಣ್ಣ ಅಂತೀರಿ. ಅನ್ರಿ. ಆದ್ರ ನಾಳಿ ಹೊತ್ತ ಹೊಂಟ ಮ್ಯಾಲ ಸೋನಾಲಿ ಅಂಗಡಿಗಿ ಹೋಗ್ರಿ. ನಿಚ್ಚಣಿಕಿ ಬಾಜೂಕ ಆನಿಸಿರತೈತಿ. ನಾನೂ ಎಣಿಸೀನಿ, ಸೋನಾಲಿನೂ ಎಣಿಸ್ಯಾಳ. ಅದಕ ಏಳ ಪಾವಟಿಗಿ.

ಅವತ್ತ ರಾತ್ರಿ ಬಾವಿ ಹಂತ್ಯಾಕ ನಿಂತ ನಾ ಎಣಿಸಿದ್ದು ಹನ್ನೊಂದು. ಮುನ್ನೂರ ಕುರ್‍ಯಾಗ ಒಂದ ಮರಿ ತಪ್ಪಿಸಿದಾವಲ್ಲ ನಾ. ಹನ್ನೊಂದು.